ರೂಢಿಯ ಪದಾರ್ಥಗಳೂ ನಿಯಮವ್ರತವೂ

(ಸ್ವಾಧ್ಯಾಯ ಪಾಠ)

ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡಬೇಕೆಂಬ ಅಭಿಲಾಷೆಯುಳ್ಳ ಶ್ರಾವಕ ಶ್ರಾವಿಕೆಯರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಅವರಲ್ಲಿ ಅನೇಕರು ಒಂದೆರಡು ಸಲ ಪ್ರಯತ್ನಿಸಿ, "ಉಪವಾಸವು ನಮ್ಮ ದೇಹಕ್ಕೆ ಒಗ್ಗುವುದಿಲ್ಲ; ಮಧ್ಯಾಹ್ನವಾಗುವುದರೊಳಗೆ ತಲೆ ಸಿಡಿಯತೊಡಗುತ್ತದೆ" ಎಂದು ಕೈಬಿಡುವರು. ಹಸಿವನ್ನು ಸಹಿಸಬಲ್ಲೆವು, ಆ ತಲೆನೋವನ್ನು ಸಹಿಸಲಾರೆವು ಎನ್ನುವವರೂ ಉಂಟು. ಹೀಗೆ ವ್ರತದ ಬಾಗಿಲವರೆಗೆ ಬಂದವರು ಹಿಂದಿರುಗಿ ಹೋಗುವುದು, ತಾವು ತಪಸ್ಸಿಗೆ ಯೋಗ್ಯರಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಳ್ಳುವುದು ಸಣ್ಣ ನಷ್ಟವಲ್ಲ.

ಆ ತಲೆನೋವು ಆಹಾರತ್ಯಾಗದಿಂದಲೇ ಬಂದುದೇ ಎಂಬುದನ್ನು ವಿಚಾರಿಸಬೇಕು. ದಿನಕ್ಕೆ ಮೂರು ನಾಲ್ಕು ಲೋಟ ಕಾಫಿಯನ್ನೋ ಚಹಾವನ್ನೋ ವರ್ಷಗಟ್ಟಲೆ ಕುಡಿಯುತ್ತ ಬಂದವರಲ್ಲಿ ಅದು ಅನ್ನ ಬಿಟ್ಟುದರಿಂದ ಬಂದುದಕ್ಕಿಂತ, ಅನ್ನದೊಡನೆ ಕಾಫಿಯನ್ನೂ ಒಮ್ಮೆಲೇ ಬಿಟ್ಟುದರಿಂದ ಬಂದಿರುವ ಸಂಭವವೇ ಹೆಚ್ಚು. ಅಂದರೆ, ಅವರು ಉಪವಾಸಕ್ಕೆ ಅನರ್ಹರಲ್ಲ. ತಮಗೇ ತಿಳಿಯದಂತೆ ಬೇರೊಂದು ಪದಾರ್ಥಕ್ಕೆ ಅಧೀನರಾಗಿರುವರು. ಈ ಅಧೀನತೆಯನ್ನು ಗುರುತಿಸುವ ಉಪಾಯವೂ ಅದನ್ನು ಸಡಿಲಿಸುವ ಉಪಾಯವೂ ಶ್ರಾವಕಾಚಾರದಲ್ಲಿಯೇ ಇವೆ. ಅವುಗಳನ್ನು ಇಂದಿನ ಶರೀರಶಾಸ್ತ್ರದ ತಿಳಿವಳಿಕೆಯೊಡನೆ ಸೇರಿಸಿ ಅಭ್ಯಾಸ ಮಾಡುವುದೇ ಈ ಪಾಠದ ಉದ್ದೇಶ.

1. ಯಮ ಮತ್ತು ನಿಯಮ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವ್ರತವೂ ಒಂದು. ಒಮ್ಮೆ ಸೇವಿಸಿದ ಮೇಲೆ ಮತ್ತೆ ಸೇವಿಸಲು ಬಾರದ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾಭರಣಾದಿಗಳು ಉಪಭೋಗ. ಇವೆರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳುವುದೇ ಈ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಎಣಿಸಿ, ತ್ಯಾಗವನ್ನು ಎರಡು ವಿಧವಾಗಿ ವಿಂಗಡಿಸಿರುವರು. ಬದುಕಿರುವವರೆಗೂ ಪಾಲಿಸುವ ತ್ಯಾಗವು ಯಮ; ಇಷ್ಟು ಕಾಲವೆಂದು ಗೊತ್ತುಮಾಡಿಕೊಂಡು ಪಾಲಿಸುವ ತ್ಯಾಗವು ನಿಯಮ. ನಿಯಮದ ಕಾಲವು ಒಂದು ಹಗಲಾಗಿರಬಹುದು, ಒಂದು ರಾತ್ರಿಯಾಗಿರಬಹುದು. ಪಕ್ಷ, ಮಾಸ, ಋತು, ಅಯನಗಳವರೆಗೂ ಅದನ್ನು ವಿಸ್ತರಿಸಬಹುದು. ಯಾವ ಯಾವ ವಿಷಯಗಳಲ್ಲಿ ಇಂತಹ ನಿಯಮವನ್ನು ಕೈಗೊಳ್ಳಬಹುದೆಂದು ಹೇಳುವಾಗ ಆಚಾರ್ಯರು ಭೋಜನ, ವಾಹನ, ಶಯನ, ಸ್ನಾನ ಮೊದಲಾದವುಗಳೊಡನೆ ತಾಂಬೂಲವನ್ನೂ ಹೆಸರಿಸಿರುವುದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಹಸಿವನ್ನು ನೀಗದ, ರೂಢಿಯಿಂದಲೇ ಬೇಕೆನಿಸುವ ಪದಾರ್ಥಕ್ಕೆ ಆ ಕಾಲದಲ್ಲಿ ತಾಂಬೂಲಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೊಂದಿರಲಾರದು.

ಕಾಫಿಯ ಹೆಸರು ಪ್ರಾಚೀನ ಶ್ರಾವಕಾಚಾರಗಳಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರೇಬಿಯದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಸಮೀಪದಷ್ಟು ಕರ್ನಾಟಕದಲ್ಲಿಯೇ ಬೆಳೆಯುತ್ತದೆ. ಅತಿಥಿ ಬಂದೊಡನೆ ನೀರು ಬೆಲ್ಲ ಕೊಡುತ್ತಿದ್ದ ಮನೆಗಳಲ್ಲಿ ಈಗ ಕಾಫಿಯ ಲೋಟ ಬರುತ್ತದೆ. ಹೀಗೆ ವಸ್ತು ಹೊಸದಾದರೂ, ಅದರ ಸಂಬಂಧದಲ್ಲಿ ಮನಸ್ಸು ನಡೆದುಕೊಳ್ಳುವ ರೀತಿ ಹಳೆಯದೇ. ಆದುದರಿಂದ ತಾಂಬೂಲಕ್ಕೆ ಹೇಳಿದ ವಿಧಿಯು ಕಾಫಿ, ಚಹಾಗಳಿಗೂ ಸಲ್ಲುತ್ತದೆ.

2. ಯಾವುದಕ್ಕೆ ನಿಯಮ, ಯಾವುದಕ್ಕೆ ಯಮ?

ರೂಢಿಯ ಪದಾರ್ಥಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವುಗಳನ್ನು ಮೂರು ವರ್ಗಗಳಾಗಿ ತಿಳಿಯುವುದು ಉಚಿತ.

ಮೊದಲನೆಯದು ಮದ್ಯ. ಇದು ಸಪ್ತವ್ಯಸನಗಳಲ್ಲಿ ಒಂದು. ಮದ್ಯ, ಮಾಂಸ, ಮಧುಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿದುದು. ಮೂಲಗುಣವು ಮನೆಯ ಅಡಿಪಾಯದಂತೆ. ಅದನ್ನು ತಿಂಗಳಿಗೆ ನಾಲ್ಕು ದಿನ ಇಟ್ಟು ಉಳಿದ ದಿನ ತೆಗೆಯುವುದು ಆಗದ ಮಾತು. ಆದುದರಿಂದ ಮದ್ಯದ ವಿಷಯದಲ್ಲಿ ಶ್ರಾವಕನಿಗೆ ಸಲ್ಲುವುದು ಯಮವೇ.

ಎರಡನೆಯದು ಹೊಗೆಸೊಪ್ಪು. ಬೀಡಿ, ಸಿಗರೇಟು, ನಶ್ಯ, ಕಡ್ಡಿಪುಡಿ, ಗುಟ್ಕಾ ಎಲ್ಲವೂ ಇದರ ರೂಪಾಂತರಗಳೇ. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು; ಆದರೆ ಹೊಗೆಸೊಪ್ಪನ್ನೂ ಪಾನ್ ಮಸಾಲೆಯನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವವರಿಗೆ ದಾರಿ ಮುಚ್ಚಲಿಲ್ಲ. ಕಾನೂನು ಅಂಗಡಿಯನ್ನು ತಡೆಯಬಹುದು, ಅಂಗೈಯನ್ನು ತಡೆಯಲಾರದು. ಶರೀರಕ್ಕೆ ಅನಿಷ್ಟವೆಂದು ಗೊತ್ತಾದ ವಸ್ತುವನ್ನು ಬಿಡತಕ್ಕದ್ದೆಂದು ಸಮಂತಭದ್ರರು ವಿಧಿಸಿರುವುದರಿಂದ ಇದೂ ಯಮಕ್ಕೇ ಯೋಗ್ಯವಾದುದು. ನಿಯಮವು ಇಲ್ಲಿ ಯಮದತ್ತ ಏರುವ ಮೆಟ್ಟಿಲು ಮಾತ್ರ.

ಮೂರನೆಯದು ಕಾಫಿ, ಚಹಾ ಮತ್ತು ತಾಂಬೂಲ. ಇವುಗಳಲ್ಲಿ ತಾಂಬೂಲವು ನಮ್ಮಲ್ಲಿ ಮಂಗಳದ್ರವ್ಯ. ಮಲೆನಾಡು ಕರಾವಳಿಗಳಲ್ಲಿ ಅನೇಕ ಕುಟುಂಬಗಳ ಜೀವನಾಧಾರವೂ ಅಡಕೆಯ ತೋಟವೇ. ಆದರೂ ಸತ್ಯವನ್ನು ಮರೆಮಾಚಬಾರದು: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಕೆಯನ್ನೂ ಅಡಕೆಯನ್ನೂ ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿನಲ್ಲಿ ಸೇರಿಸಿತು. ಶುಭಕಾರ್ಯದ ತಟ್ಟೆಯಲ್ಲಿ ಅಡಕೆ ಇರುವುದು ಬೇರೆ. ದಿನವಿಡೀ ದವಡೆಯಲ್ಲಿ ಇರುವುದು ಬೇರೆ. ಕಾಫಿ ಚಹಾಗಳಾದರೋ ಮಿತವಾಗಿದ್ದರೆ ಆರೋಗ್ಯವಂತರಿಗೆ ಹಾನಿಕರವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂದು ಹೇಳಿದೆ. ಅದರ ಲೆಕ್ಕದಂತೆ 150 ಮಿಲಿಲೀಟರಿನ ಒಂದು ಬಟ್ಟಲು ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನು ಇರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲೂ ಆಮೇಲೂ ಇವನ್ನು ಕುಡಿಯಬಾರದೆಂದೂ, ಆಹಾರದಲ್ಲಿರುವ ಕಬ್ಬಿಣದ ಅಂಶವು ಮೈಗೂಡಲು ಇವು ಅಡ್ಡಿಯಾಗುವುವೆಂದೂ ಅದು ಎಚ್ಚರಿಸಿದೆ.

ಈ ಮೂರನೆಯ ವರ್ಗವೇ ಪರಿಮಾಣಕ್ಕೂ ನಿಯಮಕ್ಕೂ ಸರಿಯಾದ ಕ್ಷೇತ್ರ. ಪಾಪವೆಂದು ಎಲ್ಲರೂ ಒಪ್ಪಿದುದನ್ನು ಬಿಡುವಾಗ ಭಯವೋ ನಾಚಿಕೆಯೋ ಸಹಾಯಕ್ಕೆ ಬರುತ್ತದೆ. ಯಾರೂ ತಪ್ಪೆನ್ನದ ಕಾಫಿಯನ್ನು ಬಿಡುವಾಗ ಸಂಕಲ್ಪವೊಂದೇ ನಿಲ್ಲಬೇಕು. ಅದರಿಂದಲೇ ಈ ಅಭ್ಯಾಸಕ್ಕೆ ಬೆಲೆ.

3. ಶರೀರದಲ್ಲಿ ನಡೆಯುವುದೇನು?

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯವು ಸಂಗ್ರಹವಾಗುತ್ತ ಹೋಗುತ್ತದೆ. ಅದು ನರಕೋಶಗಳಲ್ಲಿ ತನಗಾಗಿಯೇ ಇರುವ ನೆಲೆಗಳಲ್ಲಿ ಕುಳಿತಾಗ ದಣಿವೂ ನಿದ್ರೆಯೂ ತೋರುತ್ತವೆ. ಕೆಫೀನು ಅದರ ನೆಲೆಯನ್ನು ತಾನು ಆಕ್ರಮಿಸಿ ಕುಳಿತುಬಿಡುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ತಲುಪುವುದಿಲ್ಲ, ಅಷ್ಟೆ. ಪ್ರತಿದಿನವೂ ಹೀಗಾದಾಗ ಮಿದುಳು ಅಂತಹ ನೆಲೆಗಳನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ. ಆಗ ಕಾಫಿಯನ್ನು ಥಟ್ಟನೆ ನಿಲ್ಲಿಸಿದರೆ ಅಡೆನೊಸಿನ್ನಿನ ಪ್ರಭಾವ ಇಮ್ಮಡಿಯಾದಂತಾಗಿ ತಲೆಯ ರಕ್ತನಾಳಗಳು ಹಿಗ್ಗುತ್ತವೆ. ತಲೆನೋವು, ಜಡತೆ, ಸಿಡುಕು, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತವೆ.

ಈ ತೊಂದರೆಯ ಕಾಲಗತಿಯನ್ನು ವಿಜ್ಞಾನಿಗಳು ಅಳೆದಿರುವರು. ಈ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2004ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ಕೊನೆಯ ಸೇವನೆಯ ನಂತರ 12ರಿಂದ 24 ಗಂಟೆಗಳಲ್ಲಿ ತೊಂದರೆ ಆರಂಭವಾಗುತ್ತದೆ. 20ರಿಂದ 51 ಗಂಟೆಗಳ ನಡುವೆ ಅತ್ಯಂತ ತೀವ್ರವಾಗಿರುತ್ತದೆ. 2ರಿಂದ 9 ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ತಲೆನೋವು ಕಾಣಿಸಿತು. ದಿನಕ್ಕೆ 100 ಮಿಲಿಗ್ರಾಂ, ಎಂದರೆ ಒಂದು ಬಟ್ಟಲು ಗಟ್ಟಿ ಕಾಫಿಯ ರೂಢಿಯೂ ಈ ತೊಂದರೆಗೆ ಸಾಕಾಗಬಹುದು.

ಈಗ ಇದನ್ನು ಪ್ರೋಷಧೋಪವಾಸದ ಕಾಲದೊಡನೆ ಹೋಲಿಸಿ ನೋಡಿರಿ. ಪೂರ್ಣವಾದ ಪ್ರೋಷಧೋಪವಾಸವು 16 ಪ್ರಹರಗಳದು, ಎಂದರೆ 48 ಗಂಟೆಗಳದು: ಸಪ್ತಮಿಯ ಮಧ್ಯಾಹ್ನ ಏಕಭುಕ್ತವನ್ನು ಮುಗಿಸಿ, ಅಷ್ಟಮಿಯಂದು ಚತುರ್ವಿಧ ಆಹಾರವನ್ನೂ ತ್ಯಜಿಸಿ, ನವಮಿಯ ಮಧ್ಯಾಹ್ನ ಪಾರಣೆ. ಸಪ್ತಮಿಯ ಹನ್ನೆರಡು ಗಂಟೆಗೆ ಕೊನೆಯ ಲೋಟ ಕಾಫಿ ಕುಡಿದವನಿಗೆ ಅಂದಿನ ನಡುರಾತ್ರಿಯಿಂದ ಅಷ್ಟಮಿಯ ನಡುಹಗಲಿನೊಳಗೆ ತೊಂದರೆ ಆರಂಭವಾಗಬೇಕು. ಅಷ್ಟಮಿಯ ಬೆಳಗಿನ ಎಂಟು ಗಂಟೆಯಿಂದ ನವಮಿಯ ಅಪರಾಹ್ನದವರೆಗೆ ಅದು ತೀವ್ರವಾಗಿರಬೇಕು. ಅಂದರೆ ಬಸದಿಯಲ್ಲಿ ಕುಳಿತು ಸ್ವಾಧ್ಯಾಯ, ಸಾಮಾಯಿಕಗಳನ್ನು ಮಾಡಬೇಕಾದ ಹೊತ್ತೇ ಕಾಫಿಯ ಋಣವನ್ನು ತೀರಿಸುವ ಹೊತ್ತಾಗಿ ಪರಿಣಮಿಸುತ್ತದೆ. ನವಮಿಯಂದು ಪಾರಣೆಯಲ್ಲಿ ಕಾಫಿ ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ತಲೆ ಹಗುರಾದಾಗ, "ಊಟ ಮಾಡಿದೆ, ನೋವು ಹೋಯಿತು, ಉಪವಾಸವೇ ನನಗೆ ಆಗದು" ಎಂದು ಅವನು ನಿಶ್ಚಯಿಸುವನು. ನಿಶ್ಚಯವು ತಪ್ಪು, ಆದರೆ ಅದರಿಂದ ವ್ರತಭಂಗವಾಗುವುದು ನಿಜ.

ತಲೆನೋವೆಲ್ಲವೂ ಕಾಫಿಯಿಂದಲೇ ಎಂದು ಇದರ ಅರ್ಥವಲ್ಲ. ಅರೆತಲೆನೋವು, ರಕ್ತದೊತ್ತಡ, ನೀರಿನ ಕೊರತೆಗಳಿಂದಲೂ ಅದು ಬರಬಹುದು. ಮಧುಮೇಹವುಳ್ಳವರು, ಗರ್ಭಿಣಿಯರು, ನಿತ್ಯವೂ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸವನ್ನು ಕೈಗೊಳ್ಳಲಾಗದು. ಶಕ್ತಿಯನ್ನು ಮರೆಮಾಡದೆಯೂ, ಶಕ್ತಿಯನ್ನು ಮೀರದೆಯೂ ತಪಸ್ಸನ್ನು ಆಚರಿಸಬೇಕೆಂಬುದೇ ಶಾಸ್ತ್ರದ ಅಭಿಪ್ರಾಯ.

ಇಲ್ಲಿ ತತ್ತ್ವದ ದೃಷ್ಟಿಯಿಂದಲೂ ಒಂದು ವಿಚಾರವಿದೆ. ರಾತ್ರಿಯಿಡೀ ಕೆಫೀನು ಇಲ್ಲದಿರುವುದರಿಂದ, ರೂಢಿಯುಳ್ಳವನಿಗೆ ಬೆಳಗಿನ ಹೊತ್ತಿಗೇ ಕೊರತೆಯ ಜಡತೆ ಶುರುವಾಗಿರುತ್ತದೆ. ಬೆಳಗಿನ ಮೊದಲ ಲೋಟದಿಂದ ಅವನು ಪಡೆಯುವ ಸುಖದಲ್ಲಿ ಹೆಚ್ಚಿನ ಪಾಲು ಆ ಜಡತೆಯ ನಿವಾರಣೆಯೇ. ನಿನ್ನೆಯ ಕಾಫಿಯು ಹುಟ್ಟಿಸಿದ ದುಃಖವನ್ನು ಇಂದಿನ ಕಾಫಿಯು ಕಳೆಯುತ್ತದೆ. ಅದನ್ನೇ ನಾವು ಸುಖವೆನ್ನುತ್ತೇವೆ. ಇಂದ್ರಿಯಗಳ ಮೂಲಕ ಬರುವ ಸುಖವು ಪರಾಧೀನವೂ ನಡುನಡುವೆ ಕಡಿದುಹೋಗುವಂಥದೂ ಆದುದರಿಂದ ಅದನ್ನು ದುಃಖವೆಂದೇ ತಿಳಿಯಬೇಕೆಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿರುವರು. ಈ ಮಾತನ್ನು ಗ್ರಂಥದಲ್ಲಿ ಓದಿ ತಲೆದೂಗುವುದು ಸುಲಭ. ಹತ್ತು ದಿನ ಕಾಫಿಯನ್ನು ಬಿಟ್ಟವನು ಅದನ್ನು ತನ್ನ ತಲೆಯಲ್ಲಿಯೇ ಓದುವನು.

4. ಕ್ರಮ

ಹಾಗಾದರೆ ಮಾಡಬೇಕಾದುದೇನು? ಎರಡು ಉಪಾಯಗಳಿವೆ; ಒಂದು ನಿತ್ಯಕ್ಕೆ, ಇನ್ನೊಂದು ಪರ್ವಕ್ಕೆ.

ನಿತ್ಯಕ್ಕೆ ಪರಿಮಾಣ. ದಿನಕ್ಕೆ ನಾಲ್ಕು ಲೋಟ ಕುಡಿಯುವವನು ತಿಂಗಳಿಗೆ ನಾಲ್ಕು ಪರ್ವದಿನಗಳಲ್ಲಿ ಸೊನ್ನೆಗೆ ಇಳಿದು ಮತ್ತೆ ನಾಲ್ಕಕ್ಕೆ ಏರುತ್ತಿದ್ದರೆ, ವರ್ಷಕ್ಕೆ ನಲವತ್ತೆಂಟು ಸಲ ಶರೀರವನ್ನು ಹಿಂಸಿಸಿದಂತಾಗುವುದೇ ಹೊರತು ಅಭ್ಯಾಸವು ಮುಂದುವರಿಯುವುದಿಲ್ಲ. ಮೊದಲು ದಿನದ ಮಿತಿಯನ್ನು ಬೆಳಗಿನ ಒಂದು ಚಿಕ್ಕ ಲೋಟಕ್ಕೆ ತರಬೇಕು, ಡಿಕಾಕ್ಷನ್ನು ತೆಳುವಾಗಿರಲಿ. ಎರಡು ಮೂರು ದಿನಗಳಿಗೊಮ್ಮೆ ಅರ್ಧ ಲೋಟದಂತೆ ಇಳಿಸುತ್ತ ಬಂದರೆ ಎರಡು ಮೂರು ವಾರಗಳಲ್ಲಿ ಇದು ಸಾಧ್ಯ. ಮೊದಲು ಬಿಡತಕ್ಕದ್ದು ಸೂರ್ಯಾಸ್ತದ ನಂತರದ ಕಾಫಿ. ಅದು ಹೇಗೂ ರಾತ್ರಿಭೋಜನ ತ್ಯಾಗಕ್ಕೆ ವಿರುದ್ಧವಾದುದು. ಅಲ್ಲದೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಶರೀರದಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದುದರ ಅರ್ಧ ಭಾಗವು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿದ್ದು ನಿದ್ರೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ರೆಯು ಬೆಳಿಗ್ಗೆ ಮತ್ತೊಂದು ಲೋಟವನ್ನು ಬೇಡುತ್ತದೆ.

ಪರ್ವಕ್ಕೆ ನಿಯಮ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವೂ, ಆಷಾಢ, ಕಾರ್ತಿಕ, ಫಾಲ್ಗುಣಗಳಲ್ಲಿ ಬರುವ ಎಂಟೆಂಟು ದಿನಗಳ ಅಷ್ಟಾಹ್ನಿಕಗಳೂ ಇದಕ್ಕೆ ಪ್ರಶಸ್ತವಾದ ಕಾಲ. ಪರ್ವಕ್ಕೆ ಹತ್ತು ದಿನ ಮೊದಲೇ ಇಳಿಸಲು ತೊಡಗಿ, ಕೊನೆಯ ಮೂರು ದಿನ ಪೂರ್ಣವಾಗಿ ನಿಲ್ಲಿಸಿದರೆ, ತೊಂದರೆಯ ತೀವ್ರ ಭಾಗವು ಪರ್ವದ ಹೊರಗೇ ಕಳೆದುಹೋಗುವುದು. ಆಗ ಪರ್ವದ ಉಪವಾಸದಲ್ಲಿ ಕಾಣುವುದು ಹಸಿವು ಮಾತ್ರ; ಹಸಿವಿನೊಡನೆ ಸೆಣಸಲು ಶ್ರಾವಕನಿಗೆ ಶಕ್ತಿಯಿದೆ.

ಎರಡು ಎಚ್ಚರಿಕೆಗಳು ಆವಶ್ಯಕ. ಕೋಲಾ ಜಾತಿಯ ಪಾನೀಯಗಳಲ್ಲಿಯೂ, ಅಂಗಡಿಯಲ್ಲಿ ಸಿಕ್ಕುವ ಕೆಲವು ತಲೆನೋವಿನ ಗುಳಿಗೆಗಳಲ್ಲಿಯೂ ಕೆಫೀನು ಬೆರೆತಿರುತ್ತದೆ. ಕಾಫಿ ಬಿಟ್ಟು ಇವನ್ನು ಹಿಡಿದರೆ ಬಿಟ್ಟಂತಾಗಲಿಲ್ಲ. ಆಹಾರವಿರುವ ದಿನಗಳಲ್ಲಿ ಜೀರಿಗೆ ಕೊತ್ತಂಬರಿಯ ಕಷಾಯವೋ ಬಿಸಿನೀರೋ ಸಾಕು. ಇನ್ನು, ಸಂಕಲ್ಪವನ್ನು ಅಸ್ಪಷ್ಟವಾಗಿ ಮಾಡಬಾರದು. "ಸಾಧ್ಯವಾದಷ್ಟು ದಿನ ಬಿಡುತ್ತೇನೆ" ಎಂಬುದು ನಿಯಮವಲ್ಲ. ಇಂಥ ವಸ್ತು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಜಿನಬಿಂಬದ ಮುಂದೆಯೋ ಗುರುಗಳ ಸಮ್ಮುಖದಲ್ಲಿಯೋ ಹೇಳಿ ಸ್ವೀಕರಿಸಬೇಕು.

5. ಅತಿಚಾರಗಳು

ದಿನಗಳ ಎಣಿಕೆ ಪೂರ್ಣವಾದ ಮಾತ್ರಕ್ಕೆ ವ್ರತವು ಪೂರ್ಣವಾಯಿತೆನ್ನಲಾಗದು. ಈ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸಚಿತ್ತಾಹಾರವೇ ಮೊದಲಾದ ಆಹಾರದೋಷಗಳನ್ನು ಎಣಿಸಿರುವರು. ಸಮಂತಭದ್ರರಾದರೋ ಮನಸ್ಸಿನ ದೋಷಗಳನ್ನೇ ಐದಾಗಿ ಎಣಿಸಿರುವರು. ರೂಢಿಯ ಪದಾರ್ಥವನ್ನು ಕೆಲಕಾಲ ಬಿಟ್ಟವನ ಒಳಗೆ ನಡೆಯುವುದನ್ನು ಆ ಐದೂ ಒಂದೊಂದಾಗಿ ಹಿಡಿದು ತೋರಿಸುವುದರಿಂದ ಅವುಗಳನ್ನು ಇಲ್ಲಿ ವಿವರಿಸಿದೆ.

ಅನುಪೇಕ್ಷೆ: ವಿಷಯವು ವಿಷವೆಂದು ತಿಳಿದಿದ್ದರೂ ಅದರಲ್ಲಿ ಆದರ ಕುಂದದಿರುವುದು. "ಕಾಫಿಯಂತಹ ವಸ್ತು ಬೇರೊಂದಿಲ್ಲ, ಏನೋ ವ್ರತಕ್ಕೆಂದು ಬಿಟ್ಟಿದ್ದೇನೆ" ಎನ್ನುವವನಲ್ಲಿ ಈ ದೋಷವಿದೆ.

ಅನುಸ್ಮೃತಿ: ಹಿಂದೆ ಸೇವಿಸಿದುದನ್ನು ಮತ್ತೆ ಮತ್ತೆ ನೆನೆಯುವುದು. ಪಕ್ಕದ ಮನೆಯಲ್ಲಿ ಬೀಜ ಹುರಿಯುವ ಪರಿಮಳ ಬಂದಾಗ ನೆನಪು ತಾನಾಗಿ ಬರುತ್ತದೆ, ಅದು ದೋಷವಲ್ಲ. ಆ ನೆನಪನ್ನು ಕೂರಿಸಿ ಉಪಚರಿಸುವುದು ದೋಷ.

ಅತಿಲೌಲ್ಯ: ನಿಯಮದ ಕಾಲದಲ್ಲಿಯೇ, ಮುಟ್ಟದೆ ಇದ್ದರೂ ಲೋಲುಪತೆಯು ಬಲಿಯುವುದು. ಒಂದನ್ನು ಬಿಟ್ಟ ಕೊರತೆಯನ್ನು ಸಿಹಿಯಲ್ಲಿಯೋ ಕರಿದ ತಿಂಡಿಯಲ್ಲಿಯೋ ತುಂಬಿಕೊಳ್ಳುವುದೂ ಇದರ ಅಂಗವೇ.

ಅತಿತೃಷೆ: ಮುಂದೆ ದೊರೆಯುವುದಕ್ಕಾಗಿ ಹಂಬಲಿಸುವುದು. ಪಾರಣೆಗೆ ಇನ್ನೆಷ್ಟು ಗಂಟೆಯೆಂದು ಗಡಿಯಾರ ನೋಡುತ್ತ ಕೂರುವವನು ಈ ದೋಷಕ್ಕೆ ಸಿಕ್ಕಿರುವನು. ಅವನ ಕೈಯಲ್ಲಿ ಲೋಟವಿಲ್ಲ. ಮನಸ್ಸಿನಲ್ಲಿ ಲೋಟ ಕೆಳಗಿಳಿದೇ ಇಲ್ಲ.

ಅನುಭವ: ಸೇವನೆಯ ಕಾಲ ಬಂದಾಗ ಮಿತಿಮೀರಿ, ಆಸಕ್ತಿಯಲ್ಲಿ ಮುಳುಗಿ ಸೇವಿಸುವುದು. ಪಾರಣೆಯ ದಿನ ಬಿಟ್ಟುದನ್ನೆಲ್ಲ ಬಡ್ಡಿಸಹಿತ ವಸೂಲು ಮಾಡಿಕೊಳ್ಳುವುದು ಇದೇ.

ನಿಯಮದ ಫಲವು ಮುಖ್ಯವಾಗಿ ಪಾರಣೆಯ ನಂತರವೇ ತಿಳಿಯತಕ್ಕದ್ದು. ಹತ್ತು ದಿನ ಬಿಟ್ಟವನು ಹನ್ನೊಂದನೆಯ ದಿನ ಮೊದಲಿನ ನಾಲ್ಕಕ್ಕೇ ಮರಳಿದರೆ ವ್ರತವು ನಡೆದುದು ಪಂಚಾಂಗದಲ್ಲಿ ಮಾತ್ರ. ಎರಡಕ್ಕೆ ನಿಂತರೆ ಅಷ್ಟರಮಟ್ಟಿಗೆ ಅವನು ಸ್ವತಂತ್ರನಾದನು. ಮುಂದಿನ ಪರ್ವಕ್ಕೆ ಆ ಎರಡೂ ಬೇಡವೆನಿಸಬಹುದು, ಎನಿಸದಿದ್ದರೂ ಬಾಧಕವಿಲ್ಲ. ಕೊಟ್ಟರೆ ಕುಡಿಯುವೆನು, ಇಲ್ಲದಿದ್ದರೆ ಕೇಳೆನು ಎಂಬ ಸ್ಥಿತಿಯೇ ಗೃಹಸ್ಥನಿಗೆ ದೊಡ್ಡ ಲಾಭ.

6. ಮದ್ಯ, ಹೊಗೆಸೊಪ್ಪುಗಳ ವಿಷಯದಲ್ಲಿ ವಿಶೇಷ

ದ್ವಾರಕೆಯ ದಹನದ ಕಥೆಯನ್ನು ಎಲ್ಲರೂ ಬಲ್ಲರು. ಮದ್ಯದ ನಿಮಿತ್ತವಾಗಿ ದ್ವೀಪಾಯನನಿಂದ ನಗರವು ನಾಶವಾಗುವುದೆಂದು ನೇಮಿನಾಥ ತೀರ್ಥಂಕರರು ತಿಳಿಸಿದಾಗ, ಇದ್ದ ಮದ್ಯವನ್ನೆಲ್ಲ ನಗರದ ಹೊರಗೆ ಚೆಲ್ಲಿಸಲಾಯಿತು. ಕದಂಬವನದ ಕಲ್ಲುಕುಳಿಗಳಲ್ಲಿ ಅದು ನಿಂತಿತು. ಕಾಲಾಂತರದಲ್ಲಿ ಯಾದವ ಕುಮಾರರು ಬಾಯಾರಿ ಅದನ್ನೇ ಕುಡಿದು ಮತ್ತರಾಗಿ, ತಪಸ್ಸಿನಲ್ಲಿದ್ದ ದ್ವೀಪಾಯನನನ್ನು ಹಿಂಸಿಸಿದರು. ಅವನ ಕ್ರೋಧಾಗ್ನಿಗೆ ನಗರವು ಆಹುತಿಯಾಯಿತು. ಜಿನಸೇನಾಚಾರ್ಯರ ಹರಿವಂಶ ಪುರಾಣದಲ್ಲಿ ಇದರ ವಿಸ್ತಾರವಿದೆ. ನಮ್ಮ ಪಾಠಕ್ಕೆ ಬೇಕಾದುದು ಇಷ್ಟೆ: ಮದ್ಯವು ಊರ ಹೊರಗೆ ಹೋಯಿತು, ಆದರೆ ಇಲ್ಲದಂತಾಗಲಿಲ್ಲ. ದಶಲಕ್ಷಣದ ಹತ್ತು ದಿನ ಬಾಟಲಿಯನ್ನು ಮರೆಯಲ್ಲಿಟ್ಟು ಹನ್ನೊಂದನೆಯ ದಿನ ಹೊರತೆಗೆಯುವವನು ಕದಂಬವನವನ್ನು ಮನೆಯಲ್ಲಿಯೇ ಬೆಳೆಸಿಕೊಂಡಿರುವನು.

ಹಾಗೆಂದು ಕೆಲಕಾಲದ ತ್ಯಾಗವು ನಿರರ್ಥಕವೂ ಅಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಜನವರಿ ತಿಂಗಳಿಡೀ ಮದ್ಯವನ್ನು ಬಿಡುವ ಚಳವಳಿ ನಡೆದಿದೆ. ಪಾಲ್ಗೊಂಡವರಲ್ಲಿ ಅನೇಕರು ಆರು ತಿಂಗಳ ನಂತರವೂ ಮೊದಲಿಗಿಂತ ಕಡಿಮೆ ಕುಡಿಯುತ್ತಿದ್ದರೆಂದು ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡಿರುವರು. ವ್ಯಸನಕ್ಕೆ ಬಿದ್ದು ಏಳಬಯಸುವವನಿಗೆ ಮೊದಲ ಹತ್ತು ದಿನವೇ ಮೆಟ್ಟಿಲಾಗಬಹುದು. ಆದರೆ ಮೆಟ್ಟಿಲ ಮೇಲೆಯೇ ಮನೆ ಕಟ್ಟಬಾರದು. ಮದ್ಯಕ್ಕೆ ಸುರಕ್ಷಿತವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸಾರಿತು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಮನೆಯವರು ಇದನ್ನು ಮರೆಯಬಾರದು. ಬಹುಕಾಲ ಪ್ರತಿದಿನವೂ ಹೆಚ್ಚಾಗಿ ಕುಡಿದವನು ಪರ್ವವೆಂದು ಒಂದೇ ದಿನದಲ್ಲಿ ನಿಲ್ಲಿಸಿದರೆ, ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವುಗಳೂ, ಎರಡರಿಂದ ನಾಲ್ಕನೆಯ ದಿನದ ವೇಳೆಗೆ ಮೈನಡುಕ, ಬುದ್ಧಿಭ್ರಮೆ, ಇಲ್ಲದುದು ಕಾಣುವ ಸನ್ನಿಯೂ ಉಂಟಾಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಮರಣವೂ ಸಂಭವಿಸಬಹುದು. ಕಾಫಿ ಬಿಟ್ಟವನ ತಲೆನೋವನ್ನು ಸಹಿಸಿಕೊಳ್ಳೆಂದು ಹೇಳಬಹುದು. ಇವನಿಗೆ ಹಾಗೆ ಹೇಳಲಾಗದು. ಇಂಥವನನ್ನು ಬಸದಿಗೆ ಕರೆತರುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಮೇಲೆ ಉಪವಾಸವನ್ನಂತೂ ಮಾಡಿಸಲೇಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ವಿಭಾಗವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅವುಗಳ ಸಹಾಯವನ್ನು ಪಡೆಯುವುದು ನಾಚಿಕೆಗೇಡಲ್ಲ.

ಹೊಗೆಸೊಪ್ಪನ್ನು ಬಿಡುವುದರಲ್ಲಿ ಈ ಬಗೆಯ ಪ್ರಾಣಾಪಾಯವಿಲ್ಲ. ತಹತಹ, ಸಿಡುಕು, ನಿದ್ರಾಭಂಗಗಳು ಎರಡು ಮೂರನೆಯ ದಿನ ಹೆಚ್ಚಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆದುದರಿಂದ ಎಂಟು ಹತ್ತು ದಿನಗಳ ನಿಯಮವು ಮುಗಿಯುವ ವೇಳೆಗೆ ಅತ್ಯಂತ ಕಠಿಣವಾದ ಭಾಗವು ಕಳೆದುಹೋಗಿರುತ್ತದೆ. ಅಂದು ಮತ್ತೆ ಬೀಡಿ ಹಚ್ಚಿದವನು ಬೆಟ್ಟದ ಏರನ್ನು ಹತ್ತಿ ಮುಗಿಸಿ, ಇಳಿಜಾರು ಕಂಡೊಡನೆ ಬಂದ ದಾರಿಗೇ ಹಿಂದಿರುಗಿದಂತೆ. ಪರ್ವದ ಕೊನೆಯ ದಿನ, ಅನಂತಚತುರ್ದಶಿಯಂದೇ, ನಿಯಮವನ್ನು ಇನ್ನೊಂದು ಪಕ್ಷಕ್ಕೆ, ಬಳಿಕ ಒಂದು ಮಾಸಕ್ಕೆ, ಬಳಿಕ ಒಂದು ಅಯನಕ್ಕೆ ಮುಂದುವರಿಸಿಕೊಳ್ಳುವುದು ಜಾಣತನ. ಕಾಲದ ಅಳತೆಗಳನ್ನು ಆಚಾರ್ಯರು ಕಿರಿದರಿಂದ ಹಿರಿದರವರೆಗೆ ಹೇಳಿರುವುದರ ಪ್ರಯೋಜನವನ್ನು ಇಲ್ಲಿ ಪಡೆಯಬಹುದು.

7. ಒಂದು ದಿನದ ವ್ರತದ ಬಲ

"ವರ್ಷವೆಲ್ಲ ಕುಡಿದು ನಾಲ್ಕು ದಿನ ಬಿಟ್ಟರೇನು ಫಲ?" ಎಂದು ಆಕ್ಷೇಪಿಸುವವರುಂಟು. ಅವರಿಗೆ ಯಮಪಾಲನ ಕಥೆಯೇ ಉತ್ತರ. ಅವನು ಅಪರಾಧಿಗಳನ್ನು ಕೊಲ್ಲುವ ಕೆಲಸದ ಚಂಡಾಲ. ಮುನಿಗಳ ಬಳಿ ಅವನು ಪಡೆದುದು ಚತುರ್ದಶಿಯ ಒಂದು ದಿನ ಜೀವಹಿಂಸೆ ಮಾಡೆನೆಂಬ ವ್ರತವೊಂದೇ. ಚತುರ್ದಶಿಯ ದಿನವೇ ವಧೆಗೆ ರಾಜಾಜ್ಞೆ ಬಂದಾಗ, ಪ್ರಾಣ ಹೋದರೂ ಮಾಡೆನೆಂದು ನಿಂತನು, ಮಡುವಿಗೆ ಎಸೆಯಲ್ಪಟ್ಟನು, ದೇವತೆಗಳಿಂದ ಪೂಜಿತನಾದನು. ಅಹಿಂಸಾಣುವ್ರತದ ದೃಷ್ಟಾಂತವಾಗಿ ಸಮಂತಭದ್ರರು ಸ್ಮರಿಸಿದುದು ಈತನನ್ನೇ. ವ್ರತದ ಅವಧಿ ಚಿಕ್ಕದಾಗಿತ್ತು, ಆ ಅವಧಿಯೊಳಗೆ ರಂಧ್ರವಿರಲಿಲ್ಲ.

ಕಾಫಿಯ ಲೋಟಕ್ಕೂ ಯಮಪಾಲನ ಸಂಕಟಕ್ಕೂ ಸಾಟಿಯಿಲ್ಲ, ನಿಜ. ಆದರೆ ದೊಡ್ಡ ಸಂಕಟ ಬಂದಾಗ ನಿಲ್ಲುವ ಮನಸ್ಸು ಅಂದೇ ಹುಟ್ಟುವುದಿಲ್ಲ. ಅದು ಚಿಕ್ಕ ಚಿಕ್ಕ ನಿಲುವುಗಳಿಂದ ಕಟ್ಟಲ್ಪಡುತ್ತದೆ. ವಿವಾಹದ ಮನೆಯಲ್ಲಿ ಎಲ್ಲರೂ ಕುಡಿಯುತ್ತಿರುವಾಗ "ಇಂದು ನನಗೆ ನಿಯಮ" ಎಂದು ನಗುತ್ತ ಹೇಳಿ ನೀರು ಕೇಳುವ ಹುಡುಗನು ಮುಂದೆ ಇದಕ್ಕಿಂತ ಕಠಿಣವಾದ ಮಾತನ್ನೂ ಹೇಳಬಲ್ಲವನಾಗುವನು. ಮಕ್ಕಳಿಗೆ ಭಾನುವಾರ ಉಪ್ಪು ಬಿಡುವ, ಒಂದು ಪಕ್ಷ ಸಿಹಿ ಬಿಡುವ ರಸಪರಿತ್ಯಾಗದ ಅಭ್ಯಾಸವನ್ನು ನಮ್ಮ ಹಿರಿಯರು ಮಾಡಿಸುತ್ತಿದ್ದುದರ ಮರ್ಮವೂ ಇದೇ.

ಸ್ವಾಧ್ಯ‍ಾಯಕ್ಕೆ ಪ್ರಶ್ನೆಗಳು

1. ಯಮ, ನಿಯಮಗಳಿಗೆ ಭೇದವೇನು? ಮದ್ಯತ್ಯಾಗವು ಕೇವಲ ನಿಯಮವಾಗಿ ಉಳಿಯಬಾರದೇಕೆ?

2. ಪ್ರೋಷಧೋಪವಾಸದ 16 ಪ್ರಹರಗಳಲ್ಲಿ ಕಾಫಿಯ ಕೊರತೆಯ ತೊಂದರೆಯು ಯಾವಾಗ ತೀವ್ರವಾಗುವುದು? ಅದನ್ನು ಪರ್ವದ ಹೊರಗೆ ಕಳೆಯುವ ಕ್ರಮವೇನು?

3. ಸಮಂತಭದ್ರರು ಹೇಳಿದ ಐದು ಅತಿಚಾರಗಳಲ್ಲಿ ನಿಮ್ಮಲ್ಲಿ ಯಾವುದು ಪ್ರಬಲವಾಗಿದೆ? ಇದಕ್ಕೆ ಉತ್ತರವನ್ನು ಬರೆಯಬೇಕಾಗಿಲ್ಲ. ಮುಂದಿನ ಚತುರ್ದಶಿಯಂದು ಕಂಡುಕೊಂಡರೆ ಸಾಕು.

4. ಬಹುಕಾಲ ಮದ್ಯಪಾನ ಮಾಡಿದವನು ತ್ಯಾಗಕ್ಕೆ ಸಿದ್ಧನಾದಾಗ ಮನೆಯವರ ಮೊದಲ ಕರ್ತವ್ಯವೇನು?

ಈ ಪಾಠವನ್ನು ಓದಿದವರು ಒಂದು ವಸ್ತುವನ್ನು ಆರಿಸಿಕೊಳ್ಳಲಿ, ಒಂದು ಅವಧಿಯನ್ನು ಗೊತ್ತುಮಾಡಿಕೊಳ್ಳಲಿ. ಅವಧಿಯು ಒಂದು ಹಗಲಾದರೂ ಆಗಬಹುದು. ಅದು ಮುಗಿದ ಮರುದಿನ ಆ ವಸ್ತುವಿನ ಮುಂದೆ ಕುಳಿತಾಗ, ಕೈ ತಾನಾಗಿ ಚಾಚಿತೋ, ತಾವು ಚಾಚಿದರೋ ಎಂಬುದನ್ನು ಗಮನಿಸಲಿ.